‘ಪಾಪ’ ಎಂದು ಸೈನ್ ಹಾಕುವ ಮೊದಲು: ಪೋಸ್ಟಿಂಗ್‌ನಲ್ಲಿ ಎಡವುತ್ತಿರುವ ಫಿಸಿಯೋಥೆರಪಿ ವಿದ್ಯಾರ್ಥಿಯ ಜೊತೆ ಏನು ಮಾಡಬೇಕು

ಒಂದು ಮಳೆಗಾಲದ ಮಧ್ಯಾಹ್ನ. ಓಪಿಡಿಗೆ ಮಂಡಿನೋವೆಂದು ಒಬ್ಬರು ಅಜ್ಜ ಬಂದಿದ್ದರು. ಅವರಿಗೆ ಹದಿನೈದು ವರ್ಷದ ಸಕ್ಕರೆ ಕಾಯಿಲೆ. ಇಂಟರ್ನ್ ಹುಡುಗಿ ಮಂಡಿಗೆ ಹಾಟ್ ಪ್ಯಾಕ್ ಕಟ್ಟಿ ಪಕ್ಕದ ರೋಗಿಯ ಹತ್ತಿರ ಹೋದಳು. ಇಪ್ಪತ್ತು ನಿಮಿಷ ಕಳೆದು ಟವಲ್ ಬಿಚ್ಚಿದರೆ ಮೊಣಕಾಲಿನ ಕೆಳಗೆ ಎರಡು ಗುಳ್ಳೆ. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಮಂದವಾಗಿ ಅಜ್ಜನಿಗೆ ಸುಟ್ಟದ್ದೇ ಗೊತ್ತಾಗಿರಲಿಲ್ಲ. ಕೇಸ್ ಶೀಟ್ ತೆಗೆದು ನೋಡಿದೆ. ಮುದ್ದಾದ ಅಕ್ಷರದಲ್ಲಿ ‘ಸೆನ್ಸೇಶನ್ ನಾರ್ಮಲ್’, ಅಂದರೆ ಚರ್ಮದ ಸ್ಪರ್ಶಜ್ಞಾನ ಸರಿ ಇದೆ ಎಂದು ಬರೆದಿತ್ತು. ಬಿಸಿ ತಣ್ಣನೆಯ ಎರಡು ಟೆಸ್ಟ್ ಟ್ಯೂಬ್ ಹಿಡಿದು ನೋಡುವ ಆ ಪರೀಕ್ಷೆಯನ್ನು ಅವಳು ಮಾಡಿಯೇ ಇರಲಿಲ್ಲ.

ಸಂಜೆ ಚಹಾ ಕುಡಿಯುವಾಗ ಆರ್ಥೋ (ಮೂಳೆ) ವಾರ್ಡ್ ನೋಡುವ ಗೆಳೆಯರು ಹೇಳಿದರು, ‘ನಮ್ಮಲ್ಲೂ ಹಾಗೇ. ನೋಡದೆ ಬರೆಯುತ್ತಿದ್ದಳು.’ ನ್ಯೂರೋ (ನರ) ವಿಭಾಗದವರು, ‘ಹೌದು, ಆದರೆ ಪಾಪ, ಒಳ್ಳೆ ಹುಡುಗಿ’ ಎಂದರು. ನಾನು ಮಾತಾಡಲಿಲ್ಲ. ಆಸ್ಪತ್ರೆಯ ಒಂದೊಂದು ವಿಭಾಗದಲ್ಲಿ ಸರದಿಯಂತೆ ಮಾಡುವ ತರಬೇತಿಗೆ ಪೋಸ್ಟಿಂಗ್ ಎನ್ನುತ್ತೇವೆ. ಅವಳ ಮೊದಲ ಪೋಸ್ಟಿಂಗ್ ನನ್ನ ಬಳಿಯೇ ಆಗಿತ್ತು. ನಾನೂ ನೋಡಿದ್ದೆ. ನಾನೂ ಪಾಪ ಎಂದು ಸೈನ್ ಹಾಕಿ ಕಳಿಸಿದ್ದೆ.

ಮಂಗಳೂರು, ದೇರಳಕಟ್ಟೆ, ಮಣಿಪಾಲ, ಉಡುಪಿ ಎಂದು ನಮ್ಮ ಕರಾವಳಿಯಲ್ಲಿ ಕ್ಲಿನಿಕಲ್ ಪೋಸ್ಟಿಂಗ್‌ಗಳಿಗೇನೂ ಕಮ್ಮಿಯಿಲ್ಲ. ಪ್ರತಿ ಬ್ಯಾಚ್‌ನಲ್ಲೂ ಒಬ್ಬರೋ ಇಬ್ಬರೋ ಎಡವುತ್ತಾರೆ. ಅವರನ್ನು ನೋಡಿಕೊಳ್ಳುವ ನಮಗೆ ಇದನ್ನು ಯಾರೂ ಕಲಿಸಿರುವುದಿಲ್ಲ. ಕೀಲಿನ ಕೋನ ಅಳೆಯುವ ಗೋನಿಯೋಮೀಟರ್ ಹಿಡಿಯಲು ಬರುತ್ತದೆ ಎಂದು ನಮ್ಮನ್ನು ಸೂಪರ್‌ವೈಸರ್ ಮಾಡಿರುತ್ತಾರೆ, ಅಷ್ಟೇ. ನಾನು ತಪ್ಪು ಮಾಡಿ ಮಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಯೋಗ್ಯತೆ ಎಂಬ ಚುಚ್ಚುವ ಮಾತು

ಬ್ರಿಟನ್‌ನಲ್ಲಿ ಫಿಸಿಯೋಗಳನ್ನು ನೋಂದಾಯಿಸುವ ಹೆಲ್ತ್ ಅಂಡ್ ಕೇರ್ ಪ್ರೊಫೆಷನ್ಸ್ ಕೌನ್ಸಿಲ್ ‘ಫಿಟ್‌ನೆಸ್ ಟು ಪ್ರಾಕ್ಟೀಸ್’ ಎಂಬ ಮಾತು ಬಳಸುತ್ತದೆ. ಕೌಶಲ, ತಿಳಿವಳಿಕೆ, ನಡತೆ, ಆರೋಗ್ಯ ಈ ನಾಲ್ಕೂ ಸೇರಿ ರೋಗಿಗೆ ಅಪಾಯ ಆಗದಂತೆ ಕೆಲಸ ಮಾಡಬಲ್ಲರೇ ಎನ್ನುವುದು ಅದರ ಅರ್ಥ. ನಮ್ಮಲ್ಲಿ 2021ರಲ್ಲಿ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಬಂತು. ಫಿಸಿಯೋಥೆರಪಿಯೂ ಅದರೊಳಗೆ ಬರುತ್ತದೆ. ವೃತ್ತಿಪರರ ಹೆಸರು ರಿಜಿಸ್ಟರ್‌ನಲ್ಲಿ ಇರಬೇಕು ಎಂದು ಆ ಕಾಯ್ದೆ ಹೇಳುತ್ತದೆ. ಆದರೆ ಆ ರಿಜಿಸ್ಟರ್‌ಗಿಂತ ಎಷ್ಟೋ ಮೊದಲು, ವಿದ್ಯಾರ್ಥಿ ನೋಡಿದ ಕೇಸ್‌ಗಳನ್ನು ಬರೆದಿಡುವ ಲಾಗ್ ಬುಕ್‌ನ ಕೊನೆಯ ಪುಟದಲ್ಲಿ ನಮ್ಮ ಸೈನ್ ಬಿದ್ದಿರುತ್ತದೆ.

ಕನ್ನಡದಲ್ಲಿ ಇದನ್ನು ‘ಯೋಗ್ಯತೆ’ ಎಂದರೆ ಕಷ್ಟ. ‘ನಿನಗೆ ಯೋಗ್ಯತೆ ಇದೆಯಾ’ ಎನ್ನುವುದು ನಮ್ಮಲ್ಲಿ ಬೈಗುಳ. ಆ ಪದವನ್ನು ವಿದ್ಯಾರ್ಥಿಯ ಎದುರು ಬಳಸಲೇಬೇಡಿ. ನಾನು ನನ್ನನ್ನೇ ಕೇಳಿಕೊಳ್ಳುವ ಪ್ರಶ್ನೆ ಬೇರೆ: ಈ ಮಗುವಿನ ಕೈಯಲ್ಲಿ ನನ್ನ ಅಮ್ಮನನ್ನು ಬಿಟ್ಟು ಕ್ಯಾಂಟೀನ್‌ಗೆ ಹೋಗಿ ಬರಬಲ್ಲೆನಾ? ಉತ್ತರ ‘ಇಲ್ಲ’ ಎಂದಾದರೆ, ಯಾಕೆ ಇಲ್ಲ ಎಂದು ಹುಡುಕುವುದೇ ಮುಂದಿನ ಕೆಲಸ.

ಮೊದಲ ಹೆಜ್ಜೆ: ಗಂಟು ಎಲ್ಲಿದೆ ನೋಡಿ

ಹೊರಗಿನಿಂದ ಎಲ್ಲವೂ ಒಂದೇ ತರ ಕಾಣುತ್ತದೆ. ತಡವಾಗಿ ಬರುವುದು, ರೋಗಿಯಿಂದ ದೂರ ನಿಲ್ಲುವುದು, ಕೇಳಿದ್ದಕ್ಕೆ ಉತ್ತರ ಕೊಡದಿರುವುದು. ಒಳಗಿನ ಕಾರಣ ಮಾತ್ರ ಬೇರೆ ಬೇರೆ. ಗೊತ್ತಿಲ್ಲದ್ದು ಒಂದು. ಗೊತ್ತಿದ್ದರೂ ಮೈಯೋ ಮನಸ್ಸೋ ಸರಿ ಇಲ್ಲದೆ ಆಗದಿರುವುದು ಇನ್ನೊಂದು. ಗೊತ್ತಿದ್ದೂ, ಆಗುತ್ತಿದ್ದೂ ಮಾಡದಿರುವುದು ಮೂರನೆಯದು. ನಾಲ್ಕನೆಯದನ್ನು ನಾವು ಮರೆಯುತ್ತೇವೆ. ಅದು ವಿದ್ಯಾರ್ಥಿಯ ತೊಂದರೆಯೇ ಅಲ್ಲ, ಸುತ್ತಲಿನದು.

ನಾಲ್ಕನೆಯದರಿಂದಲೇ ಶುರು ಮಾಡಿ ಎನ್ನುತ್ತೇನೆ. ನನ್ನ ಬಳಿ ಕೇರಳದ ಒಬ್ಬ ಹುಡುಗ ಇದ್ದ. ಥಿಯರಿಯಲ್ಲಿ ಜಾಣ. ವಾರ್ಡ್‌ನಲ್ಲಿ ಮಾತ್ರ ಕಂಬದ ಹಾಗೆ ನಿಲ್ಲುತ್ತಿದ್ದ. ‘ಇಂಟರೆಸ್ಟ್ ಇಲ್ಲ’ ಎಂದು ನಾನು ಮನಸ್ಸಿನಲ್ಲೇ ತೀರ್ಪು ಕೊಟ್ಟಾಗಿತ್ತು. ಒಂದು ದಿನ ನೋಡಿದೆ. ಮಲಯಾಳಂ ಮಾತಾಡುವ ರೋಗಿ ಬಂದಾಗ ಅವನು ಬೇರೆಯೇ ಮನುಷ್ಯ! ನಗುತ್ತಿದ್ದ, ವಿವರಿಸುತ್ತಿದ್ದ, ಕೈ ಹಿಡಿದು ನಡೆಸುತ್ತಿದ್ದ. ತೊಂದರೆ ಇದ್ದದ್ದು ಭಾಷೆಯದು. ನಮ್ಮ ವಾರ್ಡ್‌ಗಳ ಕತೆ ಗೊತ್ತಲ್ವಾ. ಒಂದು ಬೆಡ್‌ನಲ್ಲಿ ತುಳು, ಪಕ್ಕದಲ್ಲಿ ಬ್ಯಾರಿ, ಆಚೆ ಕೊಂಕಣಿ, ಮೂಲೆಯಲ್ಲಿ ಬಾಗಲಕೋಟೆ ಕಡೆಯ ಕನ್ನಡ. ಮಂಗಳೂರಿನ ವೆನ್ಲಾಕ್‌ನಂಥ ಜಿಲ್ಲಾಸ್ಪತ್ರೆಗೆ ಸುತ್ತಲಿನ ಎಷ್ಟೋ ಜಿಲ್ಲೆಗಳಿಂದ ಜನ ಬರುತ್ತಾರೆ. ಕನ್ನಡ ಬಲ್ಲ ಹುಡುಗರೇ ಅಲ್ಲಿ ತಡವರಿಸುತ್ತಾರೆ. ಅವನಿಗೆ ಇಪ್ಪತ್ತು ತುಳು ವಾಕ್ಯ ಬರೆಸಿ ಕೊಟ್ಟೆವು. ‘ಬೇನೆ ಆಪುಂಡಾ?’ (ನೋವಾಗುತ್ತಾ?), ‘ಮೆಲ್ಲ ಮೆಲ್ಲ’, ‘ಯಾವಾ?’ (ಸಾಕಾ?) ಈ ಮೂರೇ ಅರ್ಧ ಕೆಲಸ ಮಾಡಿದವು. ಅವನ ತುಳು ಕೇಳಿ ಅಜ್ಜಿಯಂದಿರು ನಕ್ಕರು. ನಗಲಿ ಬಿಡಿ, ನಕ್ಕವರು ವ್ಯಾಯಾಮವನ್ನೂ ಮಾಡಿದರು.

ಇನ್ನೊಂದು ಇದೆ. ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ ಗಂಡಸರ ವಾರ್ಡ್‌ಗೆ ಹೋಗಲು ಹಿಂಜರಿಯುತ್ತಾಳೆ. ‘ಪ್ರೊಫೆಷನಲ್ ಆಗಿರಬೇಕು’ ಎಂದು ಉಪದೇಶ ಮಾಡುವ ಮೊದಲು ಅಲ್ಲಿ ಏನಾಯಿತು ಎಂದು ಕೇಳಿ. ರೋಗಿಯೋ, ಜೊತೆಗೆ ಬಂದವರೋ, ನಮ್ಮದೇ ಸಿಬ್ಬಂದಿಯೋ ಕೆಟ್ಟದಾಗಿ ನಡೆದುಕೊಂಡಿದ್ದರೆ ಅದು ಅವಳ ಕೊರತೆ ಅಲ್ಲ. ಅದು ಲೈಂಗಿಕ ಕಿರುಕುಳದ ದೂರು ನೋಡುವ ಕಾಲೇಜಿನ ಆಂತರಿಕ ಸಮಿತಿಗೆ ಹೋಗಬೇಕಾದ ವಿಷಯ. ದೂರು ಕೊಡಲು ಮೂರು ತಿಂಗಳ ಗಡುವು ಇರುತ್ತದೆ, ಹಾಗಾಗಿ ‘ಪೋಸ್ಟಿಂಗ್ ಮುಗಿಯಲಿ, ನೋಡೋಣ’ ಎನ್ನಬೇಡಿ.

ತಡವಾಗಿ ಬರುವವರನ್ನು ಎಲ್ಲಿಂದ ಬರುತ್ತಾರೆ ಎಂದು ಕೇಳಿ. ಕಾಸರಗೋಡಿನಿಂದ ಟ್ರೈನ್‌ನಲ್ಲಿ ಬಂದು, ಸ್ಟೇಷನ್‌ನಿಂದ ಸಿಟಿ ಬಸ್ ಹಿಡಿದು ಎಂಟೂವರೆಗೆ ವಾರ್ಡ್‌ನಲ್ಲಿ ಇರಬೇಕಾದವರು ಇರುತ್ತಾರೆ. ಟ್ರೈನ್ ತಡವಾದರೆ ಅವರೂ ತಡ. ತಿಂಡಿ ತಿಂದಿದ್ದೀರಾ ಎಂದೂ ಕೇಳಿ. ಇದು ಸಣ್ಣ ಮಾತಲ್ಲ. ಖಾಲಿ ಹೊಟ್ಟೆಯಲ್ಲಿ ಸ್ಟ್ರೋಕ್ ರೋಗಿಯನ್ನು ಎತ್ತಿ ನಿಲ್ಲಿಸಲು ಹೋದರೆ ಇಬ್ಬರೂ ಬೀಳುತ್ತಾರೆ.

ಕೊನೆಗೆ ನಮ್ಮ ಕಡೆಯೂ ನೋಡಿಕೊಳ್ಳಬೇಕು. ನಾವು ಮಾಡಿ ತೋರಿಸಿದ್ದೇವಾ? ಅಥವಾ ‘ಹೋಗಿ, ಬೆಡ್ 12 ನೋಡಿ’ ಎಂದು ಕಳಿಸಿ, ತಪ್ಪಿದಾಗ ಮಾತ್ರ ಹಾಜರಾಗಿದ್ದೇವಾ?

ಎರಡನೇ ಹೆಜ್ಜೆ: ಅದೇ ದಿನ ಬರೆಯಿರಿ

ಇದೊಂದನ್ನು ಮಾಡಿದ್ದರೆ ಆ ಅಜ್ಜನ ಕಾಲು ಸುಡುತ್ತಿರಲಿಲ್ಲ ಎಂದು ನನಗೆ ಈಗಲೂ ಅನಿಸುತ್ತದೆ. ನಮ್ಮ ಮೂವರಿಗೂ ಗೊತ್ತಿತ್ತು, ಯಾರೂ ಬರೆದಿರಲಿಲ್ಲ.

ಹೇಗೆ ಬರೆಯುವುದು? ನಮ್ಮ ಹಳೆಯ ಅಭ್ಯಾಸ ಹೀಗೆ: ‘ಆಸಕ್ತಿ ಇಲ್ಲ. ಅಟಿಟ್ಯೂಡ್ ಸರಿ ಇಲ್ಲ. ಸುಧಾರಿಸಬೇಕು.’ ಇದರಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಇದನ್ನು ಓದಿ ವಿದ್ಯಾರ್ಥಿಗೆ ಬೇಜಾರು ಆಗಬಹುದು, ಏನನ್ನು ಬದಲಿಸಿಕೊಳ್ಳಬೇಕು ಎಂದು ತಿಳಿಯದು. ಹೀಗೆ ಬರೆದು ನೋಡಿ:

‘ಮಂಗಳವಾರ, ಬೆಳಿಗ್ಗೆ 10.40. ಹಿಪ್ ರಿಪ್ಲೇಸ್‌ಮೆಂಟ್ ಆಗಿ ಮೂರನೇ ದಿನದ ರೋಗಿ, ಹಿಂಬದಿಯಿಂದ ಮಾಡಿದ ಸರ್ಜರಿ. ವಿದ್ಯಾರ್ಥಿ ಅವರನ್ನು ತಗ್ಗಿನ ಸ್ಟೂಲ್ ಮೇಲೆ ಕೂರಿಸಲು ಹೋದರು. ಸೊಂಟ 90 ಡಿಗ್ರಿ ದಾಟಿ ಮಡಚುವುದರಲ್ಲಿತ್ತು, ಹಾಗಾದರೆ ಕೀಲು ಜಾರುವ ಅಪಾಯ. ನಾನು ತಡೆದೆ. ಕೇಳಿದಾಗ ಮುನ್ನೆಚ್ಚರಿಕೆಗಳಲ್ಲಿ ಒಂದನ್ನು ಮಾತ್ರ ಹೇಳಿದರು. ಮತ್ತೆ ವಿವರಿಸಿದೆ. ನಾಳೆ ಮತ್ತೆ ಕೇಳುತ್ತೇನೆ.’

ಕಂಡದ್ದು, ಕೇಳಿದ್ದು, ಮಾಡಿದ್ದು ಇಷ್ಟೇ. ಎರಡು ನಿಮಿಷದ ಕೆಲಸ. ‘ಸೋಮಾರಿ’, ‘ಅಹಂಕಾರ’, ‘ಡಿಪ್ರೆಶನ್ ಇರಬೇಕು’ ಇಂಥ ಪದಗಳು ಬೇಡ. ಮೊದಲೆರಡು ಬೈಗುಳ. ಮೂರನೆಯದು ರೋಗನಿರ್ಣಯ, ಅದನ್ನು ಮಾಡುವುದು ನಮ್ಮ ಕೆಲಸವಲ್ಲ. ಚೆನ್ನಾಗಿ ಮಾಡಿದ್ದನ್ನೂ ಬರೆಯಿರಿ. ಸುಮ್ನೆ ಸಮಾಧಾನಕ್ಕಲ್ಲ. ಯಾವ ಸಂದರ್ಭದಲ್ಲಿ ಚೆನ್ನಾಗಿ ಆಗುತ್ತದೆ ಎನ್ನುವುದರಲ್ಲೇ ಗಂಟಿನ ಸುಳಿವು ಇರುತ್ತದೆ. ಆ ಮಲಯಾಳಿ ಹುಡುಗನ ವಿಷಯದಲ್ಲಿ ಹಾಗೇ ಆಯಿತು.

ಬರೆದದ್ದನ್ನು ವಾಟ್ಸ್‌ಆ್ಯಪ್ ಗ್ರೂಪ್‌ಗೆ ಹಾಕಬೇಡಿ. ಸ್ಟಾಫ್ ಗ್ರೂಪ್‌ಗೂ ಬೇಡ. ಅಲ್ಲಿಂದ ಹೊರಬಿದ್ದ ಮಾತು ಮಂಗಳೂರಿನ ಹಂಪನಕಟ್ಟೆ ಸುತ್ತಿ ಸಂಜೆಯೊಳಗೆ ಹಾಸ್ಟೆಲ್ ತಲುಪಿರುತ್ತದೆ.

ಮೂರನೇ ಹೆಜ್ಜೆ: ಕೂರಿಸಿ ಮಾತಾಡಿ

ರೋಗಿಯ ಎದುರು ಬೇಡ, ಕಾರಿಡಾರ್‌ನಲ್ಲಿ ಬೇಡ, ಬೇರೆ ವಿದ್ಯಾರ್ಥಿಗಳು ಕಿವಿ ನಿಮಿರಿಸಿ ಕೂತಿರುವ ಕಡೆಯಂತೂ ಬೇಡವೇ ಬೇಡ. ಒಂದು ರೂಮ್, ಎರಡು ಕುರ್ಚಿ, ಇಪ್ಪತ್ತು ನಿಮಿಷ. ಘಟನೆ ನಡೆದ ಒಂದೆರಡು ದಿನದೊಳಗೆ ಆಗಬೇಕು. ಪೋಸ್ಟಿಂಗ್‌ನ ಕೊನೆಯ ಶುಕ್ರವಾರಕ್ಕೆ ಉಳಿಸಿಕೊಂಡರೆ ಅದು ಮಾತುಕತೆ ಆಗುವುದಿಲ್ಲ, ಶಿಕ್ಷೆ ಆಗುತ್ತದೆ.

ಶುರು ಮಾಡುವುದು ಕಷ್ಟ. ನಾನು ಹೀಗೆ ಹೇಳುತ್ತೇನೆ: ‘ಮಂಗಳವಾರ ಬೆಡ್ 12ರಲ್ಲಿ ಆದದ್ದರ ಬಗ್ಗೆ ಮಾತಾಡಬೇಕು. ನಾನು ಕಂಡದ್ದನ್ನು ಓದಿ ಹೇಳುತ್ತೇನೆ. ಆಮೇಲೆ ನಿಮ್ಮ ಕಡೆಯಿಂದ ಏನಾಯಿತು ಎಂದು ಹೇಳಿ.’ ಓದಿದ ಮೇಲೆ ಬಾಯಿ ಮುಚ್ಚಿಕೊಂಡು ಕೂರಬೇಕು. ನಮಗೆ ಇದು ಬರುವುದೇ ಇಲ್ಲ. ಐದು ಸೆಕೆಂಡು ಸುಮ್ಮನಿದ್ದರೆ ನಾವೇ ಉತ್ತರವನ್ನೂ ಕೊಟ್ಟುಬಿಡುತ್ತೇವೆ: ‘ಭಯ ಆಯ್ತಾ? ಓದಿರಲಿಲ್ವಾ? ಆಯ್ತು, ಇನ್ನು ಮುಂದೆ ಸರಿ ಮಾಡು.’ ಅಲ್ಲಿಗೆ ಮುಗಿಯಿತು. ವಿದ್ಯಾರ್ಥಿ ‘ಯೆಸ್ ಸರ್’ ಎಂದು ಎದ್ದು ಹೋಗುತ್ತಾರೆ.

ಅತ್ತರೆ? ಅಳುತ್ತಾರೆ. ನೀರು ಕೊಡಿ, ಕಾಯಿರಿ. ಅಳು ನೋಡಿ ಮಾತು ಬದಲಿಸಬೇಡಿ. ಕಟ್ಟಿದ ಗಂಟಲಲ್ಲೇ ಎಷ್ಟೋ ಸಲ ನಿಜ ಹೊರಗೆ ಬರುತ್ತದೆ. ಹಾಗೆಂದು ಅಳುವಾಗ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುವುದೂ ಬೇಡ. ‘ಇವತ್ತು ಸಾಕಾ? ನಾಳೆ ಇದೇ ಹೊತ್ತಿಗೆ ಮುಂದುವರಿಸೋಣವಾ?’ ಎಂದು ಕೇಳಬಹುದು. ನಾಳೆ ಎಂದರೆ ನಾಳೆಯೇ ಮಾಡಬೇಕು.

ಕೇಳಬಾರದ ಪ್ರಶ್ನೆಗಳೂ ಇವೆ. ‘ಮನೆಯಲ್ಲಿ ಏನಾದ್ರೂ ಪ್ರಾಬ್ಲಮ್ಮಾ? ಲವ್ ಮ್ಯಾಟರಾ?’ ಎಂದು ನಾವು ಹಿರಿಯಣ್ಣನ ದನಿಯಲ್ಲಿ ಕೇಳುತ್ತೇವೆ. ಒಳ್ಳೆಯ ಮನಸ್ಸಿನಿಂದಲೇ. ಆದರೆ ಅದು ಅವರ ಖಾಸಗಿ ಬಾಗಿಲನ್ನು ನಾವೇ ದೂಡಿದ ಹಾಗೆ. ‘ನಿಮ್ಮ ಕೆಲಸದ ಮೇಲೆ ಪರಿಣಾಮ ಮಾಡುತ್ತಿರುವ ಏನಾದರೂ ಇದ್ದರೆ, ನನಗೆ ಹೇಳಬೇಕು ಅನಿಸಿದಷ್ಟು ಹೇಳಿ’ ಎಂದರೆ ಸಾಕು. ಅವರು ಹೇಳುವ ಮೊದಲೇ ಒಂದು ವಿಷಯ ಸ್ಪಷ್ಟಪಡಿಸಿ: ಯಾರಿಗೂ ಹೇಳುವುದಿಲ್ಲ ಎಂದು ನಾನು ಮಾತು ಕೊಡಲಾರೆ, ರೋಗಿಗೋ ನಿಮಗೋ ಅಪಾಯ ಇರುವ ಮಾತಾದರೆ ಹೇಳಲೇಬೇಕಾಗುತ್ತದೆ. ಕೇಳಿದ ಮೇಲೆ ಇದನ್ನು ಹೇಳಿದರೆ ಮೋಸ ಮಾಡಿದ ಹಾಗಾಗುತ್ತದೆ.

ಮತ್ತೆ, ‘ಅಪ್ಪ ಅಮ್ಮನನ್ನು ಕರಕೊಂಡು ಬಾ.’ ನಮ್ಮ ಕಾಲೇಜುಗಳಲ್ಲಿ ಇದು ಎಲ್ಲ ರೋಗಕ್ಕೂ ಒಂದೇ ಮದ್ದು. ಇಪ್ಪತ್ತೊಂದು, ಇಪ್ಪತ್ತೆರಡು ವರ್ಷದ ಇಂಟರ್ನ್ ವಯಸ್ಕರು. ನಾಳೆ ಅವರೇ ರೋಗಿಯ ಮನೆಯವರಿಗೆ ವಿವರಿಸಬೇಕಾದವರು. ಮನೆಯವರಿಗೆ ಹೇಳಬೇಕಾದರೆ ಮೊದಲು ಅವರನ್ನೇ ಕೇಳಿ, ಯಾರಿಗೆ ಹೇಳಿದರೆ ಒಳ್ಳೆಯದು ಎಂದೂ ಕೇಳಿ. ಒಬ್ಬಳು ನನಗೆ ‘ಅಪ್ಪ ಬೇಡ, ಚಿಕ್ಕಮ್ಮನಿಗೆ ಹೇಳಿ’ ಎಂದಿದ್ದಳು. ಚಿಕ್ಕಮ್ಮ ಬಂದರು, ಅರ್ಧ ತೊಂದರೆ ಅಲ್ಲೇ ಕರಗಿತು. ಜೀವಕ್ಕೆ ಅಪಾಯ ಎನಿಸಿದಾಗ ಮಾತ್ರ ಈ ನಿಯಮ ಬದಿಗಿಡಿ.

ಕಾಯಿಲೆ ಇದ್ದರೆ

ಕಾಯಿಲೆ ಇರುವುದು ಬೇರೆ, ಕೆಲಸಕ್ಕೆ ಆಗದಿರುವುದು ಬೇರೆ. ಇದನ್ನು ನಮಗೆ ನಾವೇ ದಿನಾ ಹೇಳಿಕೊಳ್ಳಬೇಕು. ಬೈಪೋಲಾರ್ ಎಂಬ ಮನಸ್ಸಿನ ಕಾಯಿಲೆ ಇದ್ದು, ಸರಿಯಾಗಿ ಔಷಧಿ ತೆಗೆದುಕೊಂಡು, ನಿದ್ದೆ ಮಾಡಿ ಬರುವ ವಿದ್ಯಾರ್ಥಿ ಯಾವ ಕಾಯಿಲೆಯೂ ಇಲ್ಲದ ಅಜಾಗರೂಕನಿಗಿಂತ ಎಷ್ಟೋ ವಾಸಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಮಾನಸಿಕ ಕಾಯಿಲೆ, ಕಲಿಕೆಯ ತೊಂದರೆ ಕೂಡ ಅದರಲ್ಲಿವೆ. ಕಾಲೇಜುಗಳು ಸಾಧ್ಯವಾದ ಮಟ್ಟಿಗೆ ಹೊಂದಾಣಿಕೆ ಮಾಡಿಕೊಡಬೇಕು ಎಂದೂ ಅದು ಹೇಳುತ್ತದೆ. ವಾರ್ಡ್‌ನಲ್ಲಿ ಇದು ದೊಡ್ಡ ವಿಷಯವೇನಲ್ಲ. ಮೂರ್ಛೆ ರೋಗ ಇರುವವರನ್ನು ನೀರಿನೊಳಗೆ ವ್ಯಾಯಾಮ ಮಾಡಿಸುವ ಹೈಡ್ರೋಥೆರಪಿ ಪೂಲ್‌ನಲ್ಲಿ ರೋಗಿಯ ಜೊತೆ ಒಬ್ಬರನ್ನೇ ಬಿಡಬೇಡಿ, ಉಳಿದ ಕಡೆ ಅವರ ವೈದ್ಯರು ಹೇಳಿದ ಹಾಗೆ ನಡೆಯಲಿ. ಬೆನ್ನಿನ ಡಿಸ್ಕ್ ತೊಂದರೆ ಇರುವವರಿಗೆ ರೋಗಿಯನ್ನು ಎತ್ತುವಾಗ ಜೊತೆಗೆ ಇನ್ನೊಬ್ಬರು ಇರಲಿ. ಡಿಸ್ಲೆಕ್ಸಿಯಾ (ಓದು ಬರಹದ ತೊಂದರೆ) ಇದ್ದರೆ ಕೇಸ್ ಶೀಟ್ ಬರೆಯಲು ಅರ್ಧ ಗಂಟೆ ಜಾಸ್ತಿ ಕೊಡಿ. ಒಂದರಲ್ಲಿ ಮಾತ್ರ ರಿಯಾಯಿತಿ ಇಲ್ಲ: ಸುರಕ್ಷತೆಯ ಪರೀಕ್ಷೆಗಳು. ಬರೆಯಲು ತಡವಾಗಬಹುದು, ಸೆನ್ಸೇಶನ್ ನೋಡದೆ ಬಿಸಿ ಇಡುವಂತಿಲ್ಲ.

ಮನಸ್ಸಿನ ತೊಂದರೆ ಎನಿಸಿದರೆ ನೀವು ಕೌನ್ಸೆಲರ್ ಆಗಲು ಹೋಗಬೇಡಿ. ಕಾಲೇಜಿನ ಕೌನ್ಸೆಲರ್ ಇದ್ದರೆ ಅವರ ಬಳಿ ಕಳಿಸಿ. ‘ನಮ್ಮ ಕಾಲೇಜಿನವರ ಹತ್ತಿರ ಹೇಳಲಾರೆ’ ಎನ್ನುವವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಅಂದ ಹಾಗೆ, ನಾವು ಫಿಸಿಯೋಗಳಿಗೆ ಇನ್ನೊಂದು ಚಟ ಇದೆ. ವಿದ್ಯಾರ್ಥಿ ಕುತ್ತಿಗೆ ನೋವು ಎಂದರೆ ಸಾಕು, ಅಲ್ಲೇ ಕೂರಿಸಿ ಕೈಯಿಂದ ಕೀಲು ಸಡಿಲಿಸುವ ಮೊಬಿಲೈಸೇಶನ್ ಶುರು ಮಾಡುತ್ತೇವೆ. ಬೇಡ. ಮಾರ್ಕ್ಸ್ ಹಾಕುವವರು ಚಿಕಿತ್ಸೆ ಕೊಡಬಾರದು.

‘ಬದುಕಿ ಏನು ಪ್ರಯೋಜನ’ ಎಂಬಂಥ ಮಾತು ಬಂದರೆ ತಮಾಷೆ ಎಂದು ತೆಗೆದುಕೊಳ್ಳಬೇಡಿ. ‘ಸಾಯುವ ಯೋಚನೆ ಬರುತ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳಿದರೆ ಯೋಚನೆ ಬಂದುಬಿಡುತ್ತದೆ ಎಂಬ ಭಯ ಬೇಡ, ಹಾಗಾಗುವುದಿಲ್ಲ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ. ಹಾಸ್ಟೆಲ್‌ಗೆ ಆಟೋ ಹತ್ತಿಸಿ ಕಳಿಸಬೇಡಿ. ಜೊತೆಯಲ್ಲೇ ನಡೆದು ಸೈಕಿಯಾಟ್ರಿ ಓಪಿಡಿಗೋ ಎಮರ್ಜೆನ್ಸಿಗೋ ಹೋಗಿ. ನಾವಿರುವುದು ಆಸ್ಪತ್ರೆಯಲ್ಲೇ ಅಲ್ವಾ. ಅವತ್ತಿನ ಕ್ಲಾಸ್ ಯಾರಾದರೂ ತೆಗೆದುಕೊಳ್ಳುತ್ತಾರೆ.

ನಾಲ್ಕನೇ ಹೆಜ್ಜೆ: ಎರಡು ವಾರದ ಪ್ಲಾನ್

‘ಕಾನ್ಫಿಡೆನ್ಸ್ ಬೆಳೆಸಿಕೊಳ್ಳಿ’ ಎನ್ನುವುದು ಪ್ಲಾನ್ ಅಲ್ಲ. ಕಣ್ಣಿಗೆ ಕಾಣುವ, ಎಣಿಸಬಹುದಾದ ಎರಡು ಅಥವಾ ಮೂರು ಗುರಿ ಇರಲಿ. ಹಾಟ್ ಪ್ಯಾಕ್ ಹುಡುಗಿಗೆ ನಾವು ಆಮೇಲೆ ಮಾಡಿದ ಪ್ಲಾನ್‌ನಲ್ಲಿ ಇದ್ದದ್ದು ಇಷ್ಟು. ಒಂದು, ಬಿಸಿ ಅಥವಾ ಕರೆಂಟ್ ಕೊಡುವ ಪ್ರತಿ ರೋಗಿಗೂ ಮೊದಲು ಸೆನ್ಸೇಶನ್ ಪರೀಕ್ಷೆ, ಮೊದಲ ವಾರ ನನ್ನ ಕಣ್ಣೆದುರೇ. ಎರಡು, ಹಾಟ್ ಪ್ಯಾಕ್ ಇಟ್ಟ ಐದು ನಿಮಿಷಕ್ಕೆ ಚರ್ಮ ನೋಡಿ, ನೋಡಿದ ಸಮಯ ಬರೆಯುವುದು. ಹಾಟ್ ಪ್ಯಾಕ್ ಬಿಸಿ ಮಾಡುವ ಹೈಡ್ರೋಕೊಲೇಟರ್‌ನ ನೀರು 70 ಡಿಗ್ರಿಗಿಂತ ಬಿಸಿ ಇರುತ್ತದೆ, ಟವಲ್ ಪದರ ಒಂದು ಕಮ್ಮಿಯಾದರೂ ಕತೆ ಮುಗಿಯಿತು ಎನ್ನುವುದನ್ನು ಅವಳೇ ಜೂನಿಯರ್‌ಗಳಿಗೆ ವಿವರಿಸಬೇಕು. ಮೂರು, ನೋಡದೆ ಇದ್ದರೆ ‘ನೋಡಿಲ್ಲ’ ಎಂದೇ ಬರೆಯಬೇಕು. ಮೂರನೆಯದೇ ಅವಳಿಗೆ ಎಲ್ಲಕ್ಕಿಂತ ಕಷ್ಟವಾಯಿತು.

ರೋಗಿಗಳ ಸಂಖ್ಯೆಯನ್ನು ಇಳಿಸಿ. ದಿನಕ್ಕೆ ಎಂಟು ನೋಡುವವರಿಗೆ ಮೂರು ಕೊಡಿ. ಉಸ್ತುವಾರಿಯನ್ನು ಒಂದು ಮೆಟ್ಟಿಲು ಹಿಂದಕ್ಕೆ ತನ್ನಿ. ನೋಡುವುದು, ನೀವು ಪಕ್ಕದಲ್ಲಿದ್ದಾಗ ಮಾಡುವುದು, ನೀವು ರೂಮ್‌ನಲ್ಲಿದ್ದಾಗ ಮಾಡುವುದು, ತಾನೇ ಮಾಡಿ ಬಂದು ಹೇಳುವುದು ಹೀಗೆ ಮೆಟ್ಟಿಲುಗಳಿವೆ. ಯಾವ ಮೆಟ್ಟಿಲಿನಲ್ಲಿ ಇದ್ದಾರೆ ಎಂದು ಪ್ಲಾನ್‌ನಲ್ಲೇ ಬರೆಯಿರಿ, ಮೇಲೆ ಹತ್ತಲು ಏನು ಮಾಡಿ ತೋರಿಸಬೇಕು ಎಂದೂ ಬರೆಯಿರಿ. ಒಂದು ವಾರಕ್ಕೆ ಒಮ್ಮೆ ಕೂತು ನೋಡಿ. ಒಂದೆರಡು ದಿನವಾದರೂ ಇನ್ನೊಬ್ಬ ಸೂಪರ್‌ವೈಸರ್ ನೋಡಲಿ. ನಿಮ್ಮ ಮತ್ತು ಆ ವಿದ್ಯಾರ್ಥಿಯ ಜಾತಕ ಕೂಡದೆಯೂ ಇರಬಹುದು, ಅದನ್ನು ಬೇರೆಯವರ ಕಣ್ಣೇ ಹೇಳಬೇಕು. ಪ್ಲಾನ್‌ನ ಕೆಳಗೆ ಇಬ್ಬರೂ ಸೈನ್ ಮಾಡಿ, ಒಂದು ಪ್ರತಿ ವಿದ್ಯಾರ್ಥಿಗೆ.

ತಕ್ಷಣ ನಿಲ್ಲಿಸಬೇಕಾದ ಸಂದರ್ಭ

ಕುಡಿದು ಬಂದರೆ. ಒಪ್ಪಿಗೆ ಇಲ್ಲದೆ ರೋಗಿಯನ್ನು ಮುಟ್ಟಿದರೆ, ಬಟ್ಟೆ ಸರಿಸಿದರೆ. ರೋಗಿಯ ಮೇಲೆ ಕೈ ಮಾಡಿದರೆ. ರೋಗಿ ನಡೆಯುವ ವೀಡಿಯೋ ತೆಗೆದು ರೀಲ್ಸ್ ಮಾಡಿದರೆ. ಆದ ಪೆಟ್ಟನ್ನು ಮುಚ್ಚಿಟ್ಟರೆ. ಇಲ್ಲೆಲ್ಲ ಎರಡು ವಾರದ ಪ್ಲಾನ್ ಇಲ್ಲ. ಆ ಕ್ಷಣವೇ ರೋಗಿಗಳ ಕೆಲಸದಿಂದ ಹೊರಗೆ ಕರೆಯಿರಿ. ಮೊದಲು ರೋಗಿಗೆ ಬೇಕಾದ್ದನ್ನು ಮಾಡಿ, ಡಾಕ್ಟರಿಗೆ ತಿಳಿಸಿ, ಆದದ್ದನ್ನು ರೋಗಿಗೂ ನಿಜವಾಗಿ ಹೇಳಿ. ಅದೇ ದಿನ ಎಚ್ಒಡಿಗೆ (ವಿಭಾಗದ ಮುಖ್ಯಸ್ಥರಿಗೆ) ಬರಹದಲ್ಲಿ ಕೊಡಿ. ತನಿಖೆ ನಿಮ್ಮ ಕೆಲಸವಲ್ಲ. ನೀವೇ ಪೊಲೀಸ್, ನೀವೇ ಜಡ್ಜ್ ಆಗಬೇಡಿ. ವಿದ್ಯಾರ್ಥಿಗೂ ತನ್ನ ಮಾತು ಹೇಳಲು ಜಾಗ ಸಿಗಬೇಕು. ಸಿಗುತ್ತದೆ ಎಂದು ಆಗಲೇ ತಿಳಿಸಿ.

ತಪ್ಪು ಮಾಡಿ ಓಡಿ ಬಂದು ‘ಸರ್, ಹೀಗಾಯ್ತು’ ಎಂದವರನ್ನು ಮುಚ್ಚಿಟ್ಟವರ ಸಾಲಿಗೆ ಸೇರಿಸಬೇಡಿ. ಬೈದರೆ ಮುಂದಿನವರು ಬಂದು ಹೇಳುವುದಿಲ್ಲ.

ಸುಳ್ಳು ಬರೆಯುವುದರ ಬಗ್ಗೆ ಇನ್ನೊಂದು ಮಾತು. ವೈವಾದ (ಮೌಖಿಕ ಪರೀಕ್ಷೆಯ) ಹಿಂದಿನ ರಾತ್ರಿ ಇಡೀ ಲಾಗ್ ಬುಕ್ ತುಂಬಿಸುವುದು ನಮ್ಮಲ್ಲಿ ಹಬ್ಬದ ಹಾಗೆ ನಡೆಯುತ್ತದೆ. ಪಕ್ಕದವರು ಬರೆದ ರೇಂಜ್ ಆಫ್ ಮೋಶನ್ (ಕೀಲು ಎಷ್ಟು ಮಡಚುತ್ತದೆ ಎಂಬ ಅಳತೆ) ನೋಡಿ ಐದು ಡಿಗ್ರಿ ಆಚೀಚೆ ಮಾಡಿ ಬರೆಯುತ್ತಾರೆ. ನಾವು ನೋಡಿಯೂ ನೋಡದ ಹಾಗೆ ಸೈನ್ ಹಾಕುತ್ತೇವೆ. ನಾನೂ ಹಾಕಿದ್ದೇನೆ. ‘ಸೆನ್ಸೇಶನ್ ನಾರ್ಮಲ್’ ಎಂದು ಬರೆಯಲು ಅವಳಿಗೆ ಕಲಿಸಿದ್ದು ಯಾರು ಎಂದು ಕೇಳಿದರೆ ನನ್ನ ಬಳಿ ಒಳ್ಳೆಯ ಉತ್ತರ ಇಲ್ಲ. ಈಗ ನಾನು ವಾರಕ್ಕೊಮ್ಮೆ ಲಾಗ್ ಬುಕ್ ನೋಡಿ, ಒಂದು ಕೇಸ್ ಆರಿಸಿ ಆ ರೋಗಿಯ ಬಳಿಯೇ ಹೋಗಿ ಅಳೆಸುತ್ತೇನೆ. ಕೆಲಸ ಜಾಸ್ತಿ ಆಗಿದೆ, ಹೌದು.

ಸೈನ್ ಹಾಕದಿರುವುದು

ಎರಡು ವಾರ, ನಾಲ್ಕು ವಾರ ನೋಡಿದ ಮೇಲೂ ಆಗಲಿಲ್ಲ ಎಂದರೆ ಸೈನ್ ಹಾಕಬೇಡಿ. ಇದನ್ನು ಬರೆಯುವುದು ಸುಲಭ. ಮಂಗಳೂರು ಸಣ್ಣ ಊರು ಮಾರಾಯ್ರೆ. ನಿಮ್ಮ ಅತ್ತಿಗೆಯ ಪರಿಚಯದವರ ಫೋನ್ ಬರುತ್ತದೆ. ಮದುವೆ ಊಟದ ಪಂಕ್ತಿಯಲ್ಲಿ ಪಕ್ಕ ಕೂತವರು ‘ನಮ್ಮ ಹುಡುಗ ನಿಮ್ಮಲ್ಲಿ ಇದ್ದಾನಲ್ಲ’ ಎಂದು ಶುರು ಮಾಡುತ್ತಾರೆ. ಸಾಲ ಮಾಡಿ ಓದಿಸುತ್ತಿದ್ದಾರೆ ಎನ್ನುತ್ತಾರೆ. ಅದು ನಿಜವೂ ಇರುತ್ತದೆ. ನನಗೆ ಅಭ್ಯಾಸವಾಗಿರುವ ಉತ್ತರ ಒಂದೇ: ‘ವಿದ್ಯಾರ್ಥಿಯ ಬಗ್ಗೆ ವಿದ್ಯಾರ್ಥಿಯ ಜೊತೆ ಮಾತ್ರ ಮಾತಾಡುತ್ತೇನೆ. ಸಾರಿಗೆ ಸ್ವಲ್ಪ ಅನ್ನ ಬಡಿಸಲು ಹೇಳಲಾ?’

ಈ ಹೊತ್ತಿಗೆ ನಿಮ್ಮ ಕೈಯಲ್ಲಿ ದಿನಾಂಕ ಹಾಕಿದ ಟಿಪ್ಪಣಿ, ಪ್ಲಾನ್, ವಾರದ ನೋಟ ಎಲ್ಲ ಇರುತ್ತದೆ. ಹಾಗಾಗಿ ತೀರ್ಮಾನ ನಿಮ್ಮೊಬ್ಬರದಾಗಿ ಕಾಣುವುದಿಲ್ಲ. ಅವುಗಳನ್ನು ಎಚ್ಒಡಿಗೆ ಕೊಡಿ. ಪೋಸ್ಟಿಂಗ್ ಮತ್ತೆ ಮಾಡಿಸುವುದೋ, ಇಂಟರ್ನ್‌ಶಿಪ್ ಅವಧಿ ವಿಸ್ತರಿಸುವುದೋ, ಸ್ವಲ್ಪ ಕಾಲ ರಜೆ ಕೊಡುವುದೋ ಎನ್ನುವುದನ್ನು ಕಾಲೇಜು ತನ್ನ ವಿಶ್ವವಿದ್ಯಾಲಯದ ನಿಯಮ ನೋಡಿ ಹೇಳಬೇಕು. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಕೆಳಗಿನ ಕಾಲೇಜುಗಳಿಗೆ ಒಂದು ನಿಯಮ, ಡೀಮ್ಡ್ ವಿಶ್ವವಿದ್ಯಾಲಯಗಳಿಗೆ ಅವರವರದೇ ನಿಯಮ. ಪೋಸ್ಟಿಂಗ್ ಶುರುವಾಗುವ ಮೊದಲೇ ಅದನ್ನು ಓದಿಟ್ಟುಕೊಳ್ಳಿ. ವಿದ್ಯಾರ್ಥಿಗೆ ಈ ಸುದ್ದಿ ನೋಟಿಸ್ ಬೋರ್ಡ್‌ನಿಂದ ಗೊತ್ತಾಗಬಾರದು. ನೀವೇ ಹೇಳಿ. ಹೇಳುವಾಗ ಮುಂದೇನು ಎನ್ನುವುದೂ ಕೈಯಲ್ಲಿರಲಿ: ಯಾವಾಗ, ಎಲ್ಲಿ, ಯಾರ ಬಳಿ ಮತ್ತೆ ಅವಕಾಶ. ಕೆಲವರು ಈ ವೃತ್ತಿಯೇ ಬೇಡ ಎನ್ನುತ್ತಾರೆ. ನನ್ನ ಒಬ್ಬ ವಿದ್ಯಾರ್ಥಿ ಹಾಗೆ ಹೇಳಿದಾಗ ಅವನ ಮುಖದಲ್ಲಿ ಕಂಡದ್ದು ಸೋಲಲ್ಲ, ತಲೆಯ ಮೇಲಿನ ಭಾರ ಇಳಿಸಿದವನ ನಿರಾಳ.

ಮುಂದಿನ ಪೋಸ್ಟಿಂಗ್‌ಗೆ ಕಳಿಸುವಾಗ

ನಾವು ಮೂವರೂ ಬಿಟ್ಟದ್ದು ಇಲ್ಲೇ. ಹೊಸ ಪೋಸ್ಟಿಂಗ್‌ನಲ್ಲಿ ಹೊಸದಾಗಿ ಶುರು ಮಾಡಲಿ, ಹಳೆಯ ಹಣೆಪಟ್ಟಿ ಯಾಕೆ ಎಂದು ನಾವು ಅಂದುಕೊಳ್ಳುತ್ತೇವೆ. ಅದರಲ್ಲಿ ಸ್ವಲ್ಪ ನ್ಯಾಯವೂ ಇದೆ. ಹಾಗಾಗಿ ಪತ್ರ ಐದು ಸಾಲು ದಾಟಬಾರದು: ಏನು ಚೆನ್ನಾಗಿ ಮಾಡುತ್ತಾರೆ, ಯಾವುದನ್ನು ಕಣ್ಣೆದುರೇ ಮಾಡಿಸಬೇಕು, ಯಾವ ಮೆಟ್ಟಿಲಿನಲ್ಲಿ ಇದ್ದಾರೆ, ಯಾವ ಹೊಂದಾಣಿಕೆ ಬೇಕು, ಮುಂದಿನ ನೋಟ ಯಾವ ದಿನ. ಕಾಯಿಲೆಯ ಹೆಸರು ಬೇಡ. ‘ಬೆಳಿಗ್ಗೆ 11ಕ್ಕೆ ಹತ್ತು ನಿಮಿಷ ಬಿಡುವು ಬೇಕು’ ಎಂದರೆ ಸಾಕು, ಯಾಕೆ ಎಂದು ಬರೆಯಬೇಕಿಲ್ಲ. ಕಳಿಸುವ ಮೊದಲು ವಿದ್ಯಾರ್ಥಿಗೆ ಓದಲು ಕೊಡಿ. ‘ಇದು ಸರಿ ಇಲ್ಲ’ ಎಂದರೆ ಅವರ ಮಾತನ್ನೂ ಕೆಳಗೆ ಒಂದು ಸಾಲಿನಲ್ಲಿ ಬರೆಸಿ, ಸೈನ್ ಮಾಡಿಸಿ.

ಹಾಟ್ ಪ್ಯಾಕ್ ಹುಡುಗಿ ನಾನು ಬರೆದ ಪತ್ರ ಓದಿ, ‘ಕಣ್ಣೆದುರೇ ಮಾಡಿಸಬೇಕು’ ಎನ್ನುವುದರ ಮುಂದೆ ಪೆನ್ಸಿಲ್‌ನಲ್ಲಿ ‘ಇನ್ನೂ ಒಂದು ವಾರ’ ಎಂದು ತಾನೇ ಸೇರಿಸಿದಳು. ಹಾಗೆಯೇ ಕಳಿಸಿದೆ. ಸೋಮವಾರ ಬೆಳಿಗ್ಗೆ, ಅವಳು ವಾರ್ಡ್ ತಲುಪುವ ಮೊದಲೇ ಪತ್ರ ಅಲ್ಲಿ ತಲುಪಿತ್ತು.